ಮೂಗು ಕಟ್ಟಿಕೊಂಡು ಬೆಳೆಸಿದ ಗಿಡ

ಹಳೆಯ ವಾಯಿಲ್ ಸೀರೆಯಿಂದ ಹರಿದ ಪಟ್ಟಿಯನ್ನು ಮೂಗಿಗೆ ಬಿಗಿದು, ಅದರ ಮಡಿಕೆಯಲ್ಲಿ ಒಂದು ಕರ್ಪೂರದ ಬಿಲ್ಲೆ ಸಿಕ್ಕಿಸಿಕೊಂಡು ಪಕ್ಕದ ಮನೆಯ ಆಂಟಿ ಬೇಸ್‌ಮೆಂಟಿನ ಮೆಟ್ಟಿಲಿಳಿಯುತ್ತಿದ್ದರು. ಮೂಗುತಿ ಬಟ್ಟೆಗೆ ಸಿಕ್ಕಿಕೊಂಡರೆ ಅಲ್ಲೇ ನಿಂತು ಬಿಡಿಸಿಕೊಳ್ಳುವರು. ಕೆಳಗೆ ಎರಡು ಗಾಂಜಾ ಗಿಡಗಳಿದ್ದವು.

ಆ ವಾಸನೆ ನನಗೆ ಇಂದಿಗೂ ಆಗದು. ರಸ್ತೆಯಲ್ಲಿ ಸತ್ತುಬಿದ್ದ ಸ್ಕಂಕ್ ಎಂಬ ಗಬ್ಬುಪ್ರಾಣಿಯ ನಾತಕ್ಕೆ ಕೊಳೆತ ನಿಂಬೆಹಣ್ಣು ಬೆರೆಸಿದಂತಿತ್ತು. ಅವರ ಮನೆಯ ಪರದೆಗೆ, ಸೋಫಾಕ್ಕೆ, ಕೊನೆಗೆ ದೇವರ ಮುಂದಿನ ಹೂಬತ್ತಿಗೂ ಹತ್ತಿಕೊಂಡಿತ್ತು.

ಮಿಶಿಗನ್ನಿನ ಕಾರು ಕಂಪನಿಗಳು ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದ ಕಾಲ. ಸೌತ್‌ಫೀಲ್ಡಿನ ನನ್ನ ಕೆಲಸವೂ ಹೋಗಿ, ಹಗಲೆಲ್ಲ ಲಿವೋನಿಯಾದ ಮನೆಯಲ್ಲೇ ಇದ್ದು, ಆಂಟಿಗೆ ಜೊತೆಯಾಗಲು ಪಕ್ಕದ ಮನೆಗೆ ಹೋಗುತ್ತಿದ್ದೆ. ಆಂಟಿಯ ಗಂಡನಿಗೆ ಕೆಲಸದ ಜೊತೆಗೆ ಹೊಟ್ಟೆಯೂ ಕೈಕೊಟ್ಟಿತ್ತು. ಕ್ಯಾನ್ಸರ್. ಕೀಮೋ ಆದಮೇಲೆ ಅಂಕಲ್‌ಗೆ ನೀರು ಕುಡಿದರೂ ವಾಂತಿ, ಮಾತ್ರೆಗಳು ನಾಟಲಿಲ್ಲ. ರೋಗಿಗಳು ಮನೆಯಲ್ಲೇ ಈ ಗಿಡ ಬೆಳೆಸಬಹುದೆಂಬ ಕಾನೂನು ಮಿಶಿಗನ್ನಿಗೆ ಆಗಷ್ಟೇ ಬಂದಿತ್ತು. ಡಾಕ್ಟರೇ ದಾರಿ ತೋರಿಸಿದರು. ಹೂವನ್ನು ತುಪ್ಪದಲ್ಲಿ ಕಾಯಿಸಿ ಕೊಟ್ಟರೆ ಅನ್ನ ಹೊಟ್ಟೆಯಲ್ಲಿ ನಿಲ್ಲಬಹುದು ಎಂಬ ಆಸೆ. ಈರುಳ್ಳಿಯನ್ನೂ ಅಡುಗೆಮನೆಗೆ ಸೇರಿಸದ ಆಂಟಿ ಗಿಡ ತಂದಿಟ್ಟರು. ಹೆಸರು ಮಾತ್ರ ಅವರ ಬಾಯಲ್ಲಿ ಬರಲಿಲ್ಲ. "ಆ ದರಿದ್ರ" ಅನ್ನುವರು.

ಹೂ ಬಲಿಯುವ ಹೊತ್ತಿಗೆ, ಮನೆಯೊಳಗೆ ಬೆಳೆಸುವ ಗಿಡಗಳಿಗೆ ದೀಪ, ಗೊಬ್ಬರ ಮಾರುವ ಅಂಗಡಿಯವನು ಇನ್ನು ಗೊಬ್ಬರ ಬೇಡ, ಕೊಯ್ಯುವವರೆಗೆ ಬರೀ ನೀರು ಕೊಡಿ, ಮಣ್ಣಿನ ಉಪ್ಪೆಲ್ಲ ತೊಳೆದುಹೋಗಲಿ ಎಂದಿದ್ದ. ಆಂಟಿಗೆ ಅದು ಸರಿಬರಲಿಲ್ಲ.

"ತಿಂಗಳು ತುಂಬಿದ ಬಸುರಿಗೆ ಯಾರಾದ್ರೂ ಊಟ ನಿಲ್ಲಿಸ್ತಾರೇನೇ?" ಎಂದು ನನ್ನನ್ನೇ ಕೇಳಿ, ಕರಿಬೇವಿನ ಗಿಡಕ್ಕೆ ಹಾಕುವ ಹಾಗೆ ದೊಡ್ಡ ಗಿಡದ ಬುಡಕ್ಕೆ ದಿನಾ ಹುಳಿಮಜ್ಜಿಗೆ ಹೊಯ್ದರು.

ಸ್ವಲ್ಪ ದಿನಕ್ಕೇ ಮಣ್ಣಿನ ಮೇಲೆ ಬಿಳಿ ಪೊರೆ, ಸಣ್ಣ ನೊಣ, ಒಡೆದ ಹಾಲಿನ ನಾತ. ಹೂಗೊಂಚಲು ಬಿಡಿಸಿದರೆ ಒಳಗೆಲ್ಲ ಬೂದು ಬೂಷ್ಟು. ನಾನು ಲಾಂಡ್ರಿ ಸಿಂಕಿಗೆ ಓಡಿ ವಾಂತಿ ಮಾಡಿದೆ. ತಿರುಗಿ ಬಂದಾಗ ಆಂಟಿ ಆ ಗಿಡವನ್ನು ಕತ್ತರಿಸಿ ಕಪ್ಪು ಚೀಲಕ್ಕೆ ತುಂಬುತ್ತಿದ್ದರು.

"ನಾನೇ ಅತಿಬುದ್ಧಿವಂತಿಕೆ ಮಾಡಿದೆ ಕಣೇ. ಇನ್ನೊಂದಾದ್ರೂ ಉಳೀಬೇಕು. ಇಲ್ದಿದ್ರೆ ಅವರಿಗೆ ಏನು ಕೊಡ್ಲಿ?"

ಉಳಿದ ಗಿಡಕ್ಕೆ ಬರೀ ನೀರು. ಫ್ಯಾನ್ ಹಾಕಿ, ಹಳದಿಯಾದ ಎಲೆ ಕಿತ್ತು, ಅಂಕಲ್ ಪೇಪರ್ ಓದುವ ಭೂತಗನ್ನಡಿ ಹಿಡಿದು, ಹೂವಿನ ಮೇಲಿನ ಅಂಟು ಹರಳುಗಳು ಕೊಯ್ಲಿಗೆ ಬಂದ ಗುರುತಾಗಿ ಹಾಲಿನ ಬಣ್ಣಕ್ಕೆ ತಿರುಗಿದವೇ ಎಂದು ನೋಡುವರು. ಎಲೆ ಮುಟ್ಟಿದಾಗಲೆಲ್ಲ ಒಂದು "ಥೂ". ಅಷ್ಟು ಅಸಹ್ಯವಾದರೆ ನಾನೇ ಮಾಡುತ್ತೇನೆ ಎಂದು ಬಾಯಿಮಾತಿಗೆ ಹೇಳಿದೆ.

"ನಿನಗೂ ಅಸಹ್ಯಾನೇ, ನನಗೆ ಕಾಣಲ್ವಾ? ಅಸಹ್ಯ ಪಡೋದು ಪಡೋಣ. ಕೈ ನಿಲ್ಲಿಸ್ಬಾರದು, ಅಷ್ಟೇ."

ಹೂ ಕೊಯ್ದು ಒಣಗಿಸಿ, ತುಪ್ಪ ಕಾಯಿಸಿ ಕೊಟ್ಟ ದಿನ ಅಂಕಲ್ ಸಾರನ್ನ ಉಂಡರು. ವಾಂತಿಯಾಗಲಿಲ್ಲ. "ಇನ್ನೊಂದು ತುತ್ತು ಇದೆಯೇನೇ?" ಎಂದು ಕೇಳಿದರು. ಆಂಟಿ ಮೂಗಿನ ಬಟ್ಟೆ ಬಿಚ್ಚಿ ಅದರಲ್ಲೇ ಕಣ್ಣೊರೆಸಿಕೊಂಡರು. ಆ ಚಳಿಗಾಲವೆಲ್ಲ ಅಂಕಲ್ ಅಷ್ಟಿಷ್ಟು ಉಂಡರು.

ಆಂಟಿಯ ಮನೆಯ ಶನಿವಾರದ ಭಜನೆಗೆ ಬರುತ್ತಿದ್ದವರು ಮಾತ್ರ ವಾಸನೆಯ ನೆಪ ಹೇಳಿ ಬರುವುದು ಬಿಟ್ಟಿದ್ದರು. ಬೇಸಿಗೆಯಲ್ಲಿ ಅಂಕಲ್ ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಅವರೆಲ್ಲ ಬಂದು ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಗಾಂಜಾಕ್ಕಿಂತ ಅವರನ್ನು ನೆನೆದರೇ ನನಗೆ ಹೆಚ್ಚು ಹೇಸಿಗೆ.

ಆಂಟಿಯೂ ಹೋಗಿ ಎಷ್ಟೋ ವರ್ಷವಾಯಿತು. ಈಗ ನನ್ನ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಬೆಳಗ್ಗೆ ಅವರ ಬೆಡ್‌ಪ್ಯಾನ್ ಎತ್ತುವುದು ನನ್ನ ಕೆಲಸ. ಪ್ರೀತಿಯೇನೂ ಉಕ್ಕಿ ಬರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಮಡಿಕೆಯಲ್ಲಿ ಕರ್ಪೂರ ಸಿಕ್ಕಿಸಿ, ಥೂ ಎಂದುಕೊಂಡೇ ಎತ್ತುತ್ತೇನೆ.