ಕೀಳದೆ ಏರಿಸಿದ ಹೂವು

ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದ ಶರಣಮ್ಮ ಆರ್ಕಿಡ್ ಹೂವಿನತ್ತ ಬಲಗೈ ಚಾಚಿದರು. ಹಡಗಲಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಹಿತ್ತಲಿನ ಹೂವೆಲ್ಲ ನಿತ್ಯ ಅವರ ಪೂಜೆಗೇ ಹೋಗುತ್ತಿತ್ತು. ಈ ಗಿಡವನ್ನು ಮಾತ್ರ ನಮ್ಮೂರ ಬಿಸಿಲು ತಾಗದಂತೆ ಅಡುಗೆಮನೆಯೊಳಗೆ, ನೀರಿನ ಕೊಡಗಳ ಮೇಲೆ ತೂಗುಹಾಕಿ, ಇದ್ದಿಲ ಚೂರುಗಳಲ್ಲಿ ಬೇರು ಬಿಡಿಸಿ ವರ್ಷಗಟ್ಟಲೆ ಸಾಕಿದ್ದರು. ಅಂದು ಅರಳಿದ್ದು ಅದರ ಮೊದಲ ಹೂವು.

“ಅಮ್ಮಾರ, ಕೀಳಬ್ಯಾಡ್ರಿ!” ಎಂದುಬಿಟ್ಟೆ.

ಅವರು ನಕ್ಕು, ಹೂವಿನ ದಂಟನ್ನು ಮೆಲ್ಲಗೆ ಬಾಗಿಸಿ, ಅಂಗೈಯ ಲಿಂಗಕ್ಕೆ ಎಸಳು ತಾಗಿಸಿ ಬಿಟ್ಟರು. “ಏರಿಸಿದಂಗಾತು ನೋಡವ್ವ. ಇನ್ನ ನಾಳಿಗೂ ಐತಿ, ನಾಡಿದ್ದಿಗೂ ಐತಿ.”

ಈಗ ನನ್ನ ಕಿಟಕಿಯಲ್ಲೂ ಒಂದು ಆರ್ಕಿಡ್ ಇದೆ. ಅದು ಹೂ ಬಿಟ್ಟಾಗ ದೇವರ ಪಟವನ್ನೇ ಅದರ ಬಳಿಗೆ ಒಯ್ಯುತ್ತೇನೆ.