ಸದ್ದು ಹಿಡಿಯುವ ಹುಡುಗಿ

ತುಮಕೂರಿನ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದ ಆ ಹುಡುಗಿ ಕುಣಿಗಲ್ಲಿನವಳು. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದನ್ನು ಎಂ.ಎ.ಗೆ ಓದುತ್ತಿದ್ದಳಂತೆ. ವೀಣೆ, ಹಾರ್ಮೋನಿಯಂ ಏನೂ ಇರಲಿಲ್ಲ. ಕುಕ್ಕರ್ ಕೂಗಲಿ, ಗೇಟು ಕಿರುಗುಟ್ಟಲಿ, ತುಪ್ಪಳ ಹೊದಿಸಿದ ಮೈಕೊಂದನ್ನು ಅದರ ಮುಂದೆ ಹಿಡಿದು, "ಒಂದ್ನಿಮಿಷ ಸುಮ್ನಿರಿ ಆಂಟಿ" ಎನ್ನುತ್ತಿದ್ದಳು. ಚಪ್ಪಲಿಯನ್ನು ಕೆಳಗೇ ಬಿಟ್ಟು ಮೆಟ್ಟಿಲಲ್ಲಿ ಸದ್ದಿಲ್ಲದೆ ಓಡಾಡುವಳು. ಅದು ನನಗೆ ಸರಿ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನೂ ನಮ್ಮಕ್ಕನೂ ಅಂಗಳದಲ್ಲಿ ಕೂತು, ಗುಬ್ಬಿಯ ತೋಟದ ಕಾಯಿಗಳನ್ನು ಕೊಬ್ಬರಿಯಾಗಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೆವು.

"ನಿನ್ ಮಗಳ ಮೊದಲ್ನೇ ನಿಶ್ಚಿತಾರ್ಥ ಮುರಿದಿದ್ದು ಕುಣಿಗಲ್ ಗಂಡಿನ ಕಡೆಯೋರಿಗೆ ಗೊತ್ತಾಗ್ಬಾರ್ದು ಕಣೇ. ಈ ಸಂಬಂಧಾನೂ ತಪ್ಪೋಗುತ್ತೆ" ಎಂದಳು ಅಕ್ಕ.

ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಆ ಮೈಕು.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕೆಲವು ದಿನಗಳ ಮೇಲೆ ಅವಳೇ ಕೆಳಗಿಳಿದು ಬಂದು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಕಾಯಿಗಳೊಳಗಿನ ಲೊಡಲೊಡ ಸದ್ದು ಕಿವಿಯಿಂದ ಕಿವಿಗೆ ಉರುಳಾಡಿತು. ನಮ್ಮ ಮಾತು ಎಲ್ಲೂ ಇರಲಿಲ್ಲ.

"ಮಾತೆಲ್ಲಾ ತೆಗ್ದಿದೀನಿ. ಭಯ ಪಡ್ಬೇಡಿ ಆಂಟಿ" ಎಂದು ನಕ್ಕಳು.

ಭಯವಾಗಿದೆಯೆಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.