ಗದ್ವಾಲ ಪೇಟೆಯಲ್ಲಿ ಕೊಂಡ ಎರಡು ಚಾಕು

ಚಾಕು ಕೊಳ್ಳುವ ಮಾತು ತೆಗೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳುತ್ತ ಹೋದಂತೆ ನನ್ನ ಪಾಲನ್ನು ಸಣ್ಣದು ಮಾಡಿಕೊಳ್ಳುವ ಆಸೆ ಬರುತ್ತದೆ.

ಆಗ ನಾನು ನಾರಾಯಣಪೇಟೆಯಲ್ಲಿ ಸೀರೆ ನೇಯಿಸುವ ಸಾಹುಕಾರರೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಹೈಸ್ಕೂಲನ್ನು ಉರ್ದುವಿನಲ್ಲಿ ಓದಿ ಮುಗಿಸಿದ್ದರಿಂದ ಎಲ್ಲರೂ ಮುನ್ಶಿ ಎಂದು ಕರೆಯುತ್ತಿದ್ದರು. ನಮ್ಮ ಅಂಗಡಿಯ ನೂಲಿಗೆ ಬಣ್ಣ ಹಾಕುತ್ತಿದ್ದವನು ನನಗಿಂತ ತುಸು ದೊಡ್ಡವನಾದ ಒಬ್ಬ ಮುಸಲ್ಮಾನ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ. ದಿನಾ ಸಂಜೆ ಅವನ ಬಣ್ಣದ ಹಂಡೆಗಳ ಪಕ್ಕದಲ್ಲಿ ಕುಳಿತು ಚಹಾ ಕುಡಿಯುವುದು ನಮ್ಮ ರೂಢಿ.

ಪೊಲೀಸ್ ಆಕ್ಷನ್ನಿನ ಹಿಂದಿನ ಬೇಸಿಗೆ. ನಮ್ಮ ಕೆಂಪು ನೂಲು ತನ್ನ ಸೀರೆಯ ಅಂಚಿಗೆ ಹೊಂದುವುದಿಲ್ಲವೆಂದು ಗದ್ವಾಲದ ವ್ಯಾಪಾರಿಯೊಬ್ಬ ಮಾಲು ವಾಪಸು ಕಳಿಸಿದ. ಸಾಹುಕಾರರು ನಮ್ಮಿಬ್ಬರನ್ನೂ ಅಲ್ಲಿಗೆ ಅಟ್ಟಿದರು. ಅವನು ಬಣ್ಣ ನೋಡಬೇಕು, ನಾನು ಮಾತಾಡಬೇಕು. ಮಕ್ತಲದವರೆಗೆ ಎತ್ತಿನ ಗಾಡಿ, ಆಮೇಲೆ ಕೃಷ್ಣೆ. ಈಗ ಜೂರಾಲ ಅಣೆಕಟ್ಟಿನ ನೀರು ನಿಂತಿರುವ ಕಡೆಗೆ ಆಗ ಬರೀ ಮರಳು. ಅರ್ಧ ಹೊಳೆಯನ್ನು ನಡೆದು, ಉಳಿದರ್ಧವನ್ನು ಹರಿಗೋಲಿನಲ್ಲಿ ದಾಟಿದೆವು. ಆ ವರ್ಷ ದಾರಿಯಲ್ಲಿ ಹೆದರಿಕೆ ಇತ್ತು. ಗಾಡಿಯಲ್ಲಿ ಕುಳಿತವರಲ್ಲಿ ಒಬ್ಬೊಬ್ಬರ ಬಳಿ ಏನೋ ಒಂದು ಇರುತ್ತಿತ್ತು, ಬಡಿಗೆಯೋ ಕುಡುಗೋಲೋ. ನನ್ನ ಬಳಿ ಏನೂ ಇರಲಿಲ್ಲ. ಒಬ್ಬನೇ ಹೋಗಿ ಚಾಕು ಕೊಳ್ಳಲು ನಾಚಿಕೆ. ಅದಕ್ಕೇ ಅವನನ್ನು ಎಳೆದೆ.

“ನಿನಗೂ ಒಂದು ಬೇಕಲ್ಲ ಭಾಯಿ, ನೂಲಿನ ಲಡಿಯ ಕಟ್ಟು ಕೊಯ್ಯಾಕ?”

“ನನ್ನ ಹಲ್ಲು ಅದಾವಲ್ಲೋ.”

“ಹಲ್ಲು ಉದುರಿದ ಮ್ಯಾಲ?”

“ಆಗ ನಿನ್ನ ಹಲ್ಲು ಇಸ್ಕೊಂತೀನಿ.”

ಪೇಟೆಯ ತುದಿಯಲ್ಲಿ ಒಬ್ಬ ಮುದುಕಿ ಗೋಣಿತಟ್ಟಿನ ಮೇಲೆ ಅಡಕತ್ತರಿ, ಕುಡುಗೋಲು, ಮಡಚುವ ಚಾಕು ಹರಡಿಕೊಂಡು ಕೂತಿದ್ದಳು. “ಬಾ ತಮ್ಮೀ, ನೋಡಿದ್ರ ರೊಕ್ಕ ಕೇಳಂಗಿಲ್ಲ,” ಎಂದಳು. ನಾನು ಹೋದವನೇ ಎಲ್ಲಕ್ಕಿಂತ ಉದ್ದ ಅಲಗಿನದನ್ನು ಎತ್ತಿಕೊಂಡೆ. ಭಾಯಿ ಹಾಗಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬಿಚ್ಚಿ ಮಡಚಿದ. ಸ್ಪ್ರಿಂಗು ಗಟ್ಟಿಯಾಗಿ ಕಚ್ಚಿದ ಸದ್ದು ಬಾರದಿದ್ದರೆ ಅದು ಒಂದು ದಿನ ಬೆರಳ ಮೇಲೇ ಮಡಚಿಕೊಳ್ಳುತ್ತದೆ ಎಂದ. ಬಿಸಿಲಿಗೆ ಹಿಡಿದು ಮೊಳೆಯ ಸುತ್ತ ಬೆಳಕು ತೂರುತ್ತದೆಯೇ ನೋಡಿದ. ಕೊನೆಗೆ, ಬಣ್ಣದ ಮಾದರಿಗೆಂದು ತಂದಿದ್ದ ರೇಷ್ಮೆಯ ಒಂದು ಎಳೆಯನ್ನು ಹಿಡಿಕೆಯ ಮೇಲೂ ಅಲಗಿನ ಬೆನ್ನಿನ ಮೇಲೂ ಎಳೆದ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಆ ಚಾಕುವನ್ನು ಕೆಳಗಿಟ್ಟ.

“ಏ ಯಪ್ಪಾ, ಹೆಣ್ಣು ನೋಡಾಕ ಬಂದೀಯೇನು, ಚಾಕು ತಗೊಳ್ಳಾಕ ಬಂದೀಯೇನು?” ಎಂದಳು ಮುದುಕಿ.

“ಹೆಣ್ಣು ನೋಡಾಕ ಇಷ್ಟು ಹೊತ್ತು ಬಿಡಲಿಲ್ಲವ್ವಾ, ನಮ್ಮತ್ತಿ,” ಎಂದ ಅವನು.

ಕೊನೆಗೆ ಅವನಿಗೆ ಮೆಚ್ಚಿಗೆಯಾದದ್ದು ಹಿತ್ತಾಳೆ ಹಿಡಿಕೆಯ ಸಣ್ಣ ಚಾಕು. ಅಲಗು ಹೆಬ್ಬೆರಳಿನಷ್ಟೂ ಇರಲಿಲ್ಲ. ಕಬ್ಬಿಣದ ಹಿಡಿಕೆ ಹಸಿ ನೂಲಿಗೆ ತಾಗಿದರೆ ತುಕ್ಕಿನ ಕಲೆ ಕೂರುತ್ತದೆ, ಇದಾದರೆ ಆ ಭಯವಿಲ್ಲ ಎಂದ. ಬೆಲೆ ಮಾತ್ರ ನನ್ನದಕ್ಕಿಂತ ಹೆಚ್ಚಿತ್ತು. ನನ್ನ ಕೈಯಲ್ಲಿದ್ದದ್ದು ಕಬ್ಬಿಣದ ಹಿಡಿಕೆಗೆ ಮರದ ತೊಡುಗೆ ಹಾಕಿದ ದೊಡ್ಡದು. ಅಂಥವೇ ಎರಡು ಒಟ್ಟಿಗೆ ಕೊಂಡರೆ ಕಡಿಮೆಗೆ ಕೊಡುತ್ತೇನೆಂದಳು ಮುದುಕಿ. ನನಗೆ ಅಷ್ಟು ಸಾಕಾಯಿತು.

“ಇದನ್ನ ತಗೋ ಭಾಯಿ. ಜೋಡಿ ಆಗ್ತಾವ.”

“ಇಷ್ಟುದ್ದಂದು ತಗೊಂಡು ನಾ ಯಾರ್ನ ಕೊಯ್ಲಿ?”

“ಕಲ್ಲಂಗಡಿ ಕೊಯ್ಯಿ.”

“ನಿನ್ನ ದೋಸ್ತ ಚಲೋ ಹೇಳ್ದ,” ಎಂದಳು ಮುದುಕಿ. “ಆ ಸಣ್ಣದರಾಗ ಕಲ್ಲಂಗಡಿ ಕೊಯ್ಯಾಕ ಕುಂತ್ರ ಸಂಜಿ ಆಗ್ತೈತಿ.”

ಅವನು ಹಿತ್ತಾಳೆಯ ಚಾಕುವನ್ನು ಇನ್ನೊಮ್ಮೆ ಬಿಚ್ಚಿ, ಮಡಚಿ, ಇದ್ದ ಜಾಗದಲ್ಲೇ ಇಟ್ಟ. “ಆಗ್ಲಿ ಬಿಡು, ಓದಿದಾಂವ ಹೇಳಾಕತ್ತಾನ,” ಎಂದ. ಜೋಡಿ ಚಾಕು ಕೊಂಡೆವು. ಬರುವಾಗ ಹೊಳೆಯ ಮರಳಿನಲ್ಲಿ ಬೆಳೆದ ಕಲ್ಲಂಗಡಿಯೊಂದನ್ನು ಕೊಂಡು, ಇಬ್ಬರೂ ಸರದಿಯ ಮೇಲೆ ಕೊಯ್ದು ತಿಂದೆವು.

ಮಳೆಗಾಲದ ಕೊನೆಗೆ ಪೊಲೀಸ್ ಆಕ್ಷನ್ ಆಗಿ ನಿಜಾಮರ ಸರ್ಕಾರ ಹೋಯಿತು. ಕೆಲವೇ ದಿನಗಳ ಮಾತು. ಮೊದಲು ಹೆದರುತ್ತಿದ್ದವರು ಹೆದರುವುದನ್ನು ಬಿಟ್ಟರು, ಹೆದರದಿದ್ದವರು ಹೆದರತೊಡಗಿದರು. ಮನೆಯಲ್ಲಿ ಹತ್ಯಾರವಿದ್ದವರು ಚಾವಡಿಗೆ ತಂದೊಪ್ಪಿಸಬೇಕೆಂದು ಓಣಿ ಓಣಿಯಲ್ಲಿ ಡಂಗುರ ಹೊಡೆದರು. ಆ ಸಂಜೆ ಭಾಯಿ ಅಂಗಡಿಗೆ ಬಂದ.

“ಮುನ್ಶಿ, ಇದನ್ನ ಕೊಡಬೇಕೇನು? ನಮ್ಮಾಕಿ ಭಾಳ ಹೆದರ್ಯಾಳ.”

“ಇದ್ಯಾತರ ಹತ್ಯಾರ? ಕೊಟ್ರ ಸುಮ್ನ ಹೆಸರು ಬರ್ಕೊಂತಾರ.”

“ನಿನ್ನದು?”

“ಇಲ್ಲೇ ಐತಿ.” ಜೇಬು ತಟ್ಟಿ ತೋರಿಸಿದೆ.

“ನಿನ್ನ ಜೇಬಿನ್ಯಾಗಿದ್ರ ಅದು ಚಾಕು. ನನ್ನ ಜೇಬಿನ್ಯಾಗಿದ್ರ ಏನಂತಾರೋ?” ಎಂದು ನಕ್ಕ.

ನಾನೂ ನಕ್ಕೆ. “ಯಾರರ ಕೇಳಿದ್ರ ನನ್ನ ಹೆಸರು ಹೇಳು. ನಾ ಬಂದು ಹೇಳ್ತೀನಿ,” ಎಂದೆ.

ಕೆಲವು ದಿನಗಳ ಮೇಲೆ ಅವರ ಓಣಿಯಲ್ಲಿ ಹುಡುಕಾಟ ನಡೆಯಿತು. ಚಾಕು ಸಿಕ್ಕಿದಾಗ ಅವನು ನನ್ನ ಹೆಸರು ಹೇಳಿದ. ನನ್ನನ್ನು ಚಾವಡಿಗೆ ಕರೆದೊಯ್ಯಲು ಆಳು ಬಂದಾಗ ಸಾಹುಕಾರರು, “ಹೋಗಿ ಬಾ. ಕೇಳಿದಷ್ಟಕ್ಕ ಹೇಳು,” ಎಂದರು.

ಚಾವಡಿಯ ಮೇಜಿನ ಮೇಲೆ ಅವನ ಚಾಕು ಬಿಚ್ಚಿಕೊಂಡು ಬಿದ್ದಿತ್ತು. ಅವನು ಗೋಡೆಯ ಬದಿಗೆ ಇನ್ನೂ ಕೆಲವರ ಜೊತೆ ನೆಲದ ಮೇಲೆ ಕೂತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. ಮೇಜಿನ ಹಿಂದಿದ್ದವರು ಪರ ಊರಿನವರು. ಅವರ ಪರವಾಗಿ ನಮ್ಮೂರಿನ ಹಿರಿಯರೊಬ್ಬರು ಕೇಳಿದರು.

“ಇದು ನೂಲು ಕೊಯ್ಯಾಕ ತಗೊಂಡದ್ದಂತಾನ. ಅವತ್ತು ನೀನೂ ಜೋಡೀಲೆ ಇದ್ದೆಂತ, ನೀನೂ ಇಂಥಾದ್ದ ತಗೊಂಡೀಯಂತ. ಹೌದೇನು?”

ನನ್ನ ಚಾಕು ಅಂಗಿಯ ಬಗಲ ಜೇಬಿನಲ್ಲಿತ್ತು. ತೆಗೆದು ಅದರ ಪಕ್ಕಕ್ಕೆ ಇಟ್ಟಿದ್ದರೆ ಮುಗಿಯುತ್ತಿತ್ತು. ಎರಡೂ ಒಂದೇ ಎಂದು ಕುರುಡನಿಗೂ ತಿಳಿಯುತ್ತಿತ್ತು. ನನಗೆ ಯಾರೂ ಏನೂ ಮಾಡುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನಂಥವನ ಜೇಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಹೆಚ್ಚೆಂದರೆ ಇನ್ನೂ ಎರಡು ಪ್ರಶ್ನೆ ಕೇಳುತ್ತಿದ್ದರು.

“ಇಲ್ರೀ,” ಎಂದೆ. “ನನಗ ಗೊತ್ತಿಲ್ರೀ. ನನ್ನ ಕಡೆ ಕಲಮು ಬಿಟ್ರ ಏನೂ ಇರಂಗಿಲ್ರೀ.”

ಅವನು ನನ್ನನ್ನೇ ನೋಡಿದ. ಬಳಿಕ ಹಿರಿಯರ ಕಡೆಗೆ ತಿರುಗಿ, “ಹೌದ್ರೀ, ನಾನ ತಪ್ಪಿ ಹೇಳ್ದೆ. ಅವತ್ತು ಬಂದಾಂವ ಬ್ಯಾರೆ,” ಎಂದ.

ನನಗೆ ಹೋಗಬಹುದೆಂದರು. ಹೊರಗೆ ಬಂದೆ. ಅಂಗಡಿಗೆ ಹೋಗಿ ಕೂತು ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿಸಿದೆ. ಆಗ ಏನನ್ನಿಸಿತು ಎಂದು ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಏನೂ ಅನ್ನಿಸಿರಲಿಲ್ಲ. ಮಧ್ಯಾಹ್ನ ರೊಟ್ಟಿ ಉಂಡದ್ದು ನೆನಪಿದೆ, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು.

ಅವನನ್ನು ಜಿಲ್ಲೆಯ ಜೈಲಿಗೆ ಕಳಿಸಿದರು. ಅವನಿಗೆ ಆಗ ಹಾಲು ಕುಡಿಯುವ ಮಗಳೊಬ್ಬಳಿದ್ದಳು. ಹೆಂಡತಿ ಬಣ್ಣದ ಹಂಡೆಗಳನ್ನು ಕವುಚಿಟ್ಟು ಅವರಿವರ ಮನೆಯಲ್ಲಿ ಕೆಲಸ ಮಾಡಿದಳು. ನಾನು ಆ ಓಣಿಗೆ ಹೋಗಲಿಲ್ಲ. ಮರುವರ್ಷದ ಮಳೆಗೆ ಅವನು ಬಿಡುಗಡೆಯಾಗಿ ಬಂದ. ಸಾಹುಕಾರರು ಹಳೆಯ ಕೆಲಸವನ್ನೇ ಕೊಟ್ಟರು, ಅವನಷ್ಟು ಚೆನ್ನಾಗಿ ಕೆಂಪು ತೆಗೆಯುವವರು ಬೇರೆ ಸಿಕ್ಕಿರಲಿಲ್ಲ. ಮೊದಲ ದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, “ಏನೋ ಮುನ್ಶಿ, ದಪ್ಪ ಆಗೀಯಲ್ಲೋ,” ಎಂದ. ಸಂಜೆ ಮತ್ತೆ ಹಂಡೆಯ ಪಕ್ಕದಲ್ಲಿ ಚಹಾ ಕುಡಿದೆವು. ಆ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಾಗೆಯೇ ಒಂದು ಆಯುಷ್ಯ ಕಳೆಯಿತು. ಹೈದರಾಬಾದು ಸಂಸ್ಥಾನ ಒಡೆದು ಹೋಯಿತು, ನಾರಾಯಣಪೇಟೆ ತೆಲುಗು ಸೀಮೆಗೆ ಸೇರಿತು, ನಾನು ಅಂಗಡಿಯ ಲೆಕ್ಕವನ್ನು ತೆಲುಗಿನಲ್ಲಿ ಬರೆಯಲು ಕಲಿತೆ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಪ್ರತಿ ರಂಜಾನ್ ಹಬ್ಬಕ್ಕೆ ಅವನ ಹೆಂಡತಿ ನಮ್ಮ ಮನೆಗೆ ಶಾವಿಗೆಯ ಶೀರ್ ಖುರ್ಮಾ ಕಳಿಸುತ್ತಿದ್ದಳು, ಊರಿನಲ್ಲಿ ಬೇರೆಲ್ಲರಿಗಿಂತ ಮೊದಲು. ಮಗಳು ದೊಡ್ಡವಳಾದ ಮೇಲೆ ತಾನೇ ಪಾತ್ರೆ ಹಿಡಿದು ಬಂದು, “ಚಾಚಾ, ನೀವು ಉಂಡ ಮ್ಯಾಲೇ ಅಮ್ಮೀ ಉಣ್ಣೋದ್ರೀ,” ಎನ್ನುತ್ತಿದ್ದಳು. ನಾನು ಉಣ್ಣುತ್ತಿದ್ದೆ.

ಚಾಕುವನ್ನು ನಾನು ಬಿಸಾಡಲಿಲ್ಲ. ದಿನವೂ ಬಳಸಿದೆ. ಪೆನ್ಸಿಲ್ಲು ಕೆತ್ತಲು, ಗಂಟಿನ ಹುರಿ ಕೊಯ್ಯಲು, ಮಾವಿನಕಾಯಿಗೆ. ಅವನೆದುರಿಗೆ ಮಾತ್ರ ತೆಗೆಯುತ್ತಿರಲಿಲ್ಲ. ಅಗ್ಗದ ಚಾಕುವಾದರೂ ಒಳ್ಳೆಯದು. ಅಲಗು ಸವೆದು ಕಿರಿದಾಗಿದೆ, ಮೊಳೆ ಇನ್ನೂ ಸಡಿಲಾಗಿಲ್ಲ.

ಮುಪ್ಪಿನಲ್ಲಿ, ಹೆಂಡತಿ ತೀರಿಕೊಂಡ ಮೇಲೆ, ಅವನು ಮಕ್ತಲದಲ್ಲಿ ಮಗಳ ಮನೆ ಸೇರಿದ. ಎದೆಯಲ್ಲಿ ನೀರು ತುಂಬಿದೆಯೆಂದು ಸುದ್ದಿ ಬಂದಾಗ, ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲವೆಂದು ಬಸ್ಸು ಹತ್ತಿದೆ. ಮಗಳು ಬಾಗಿಲಲ್ಲಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಕುರ್ಚಿ ಒರೆಸಿ ಕೂಡಿಸಿದಳು. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ. ಮಗಳು ಚಹಾ ತಂದು ಅಲ್ಲೇ ಅವನ ಕಾಲ ಬಳಿ ಕೂತಳು. ಅವಳು ಒಳಗೆ ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ.

“ಭಾಯಿ, ಅವತ್ತು ಚಾವಡ್ಯಾಗ ನನ್ನ ಚಾಕು ಜೇಬಿನ್ಯಾಗ ಇತ್ತು,” ಎಂದೆ. “ಇಟ್ಕೊಂಡ ಇಲ್ಲ ಅಂದೆ.”

ಅವನು ತಲೆ ಎತ್ತಿದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ನನ್ನ ಮೇಲೆ ಸಿಟ್ಟು ಬಂದದ್ದನ್ನು ಕಂಡೆ.

“ಅದು ನನಗ ಗೊತ್ತಿಲ್ಲೇನು? ಈಗ್ಯಾಕ ಹೇಳ್ದಿ? ಈಕಿ ಮುಂದ ಯಾಕ ಹೇಳ್ದಿ?”

ಮಗಳು ನನ್ನನ್ನೂ ಅವನನ್ನೂ ಬದಲಿಸಿ ಬದಲಿಸಿ ನೋಡಿ ಅಪ್ಪನ ಕಡೆಗೆ ತಿರುಗಿದಳು. “ಅಬ್ಬಾ, ಚಾಚಾ ನಿಮ್ಮ ಪರವಾಗಿ ಭಾಳ ಹೇಳಿದ್ರು, ಚಾವಡಿಯವರ ಕಾಲಿಗೂ ಬಿದ್ರು, ಅವರು ಕೇಳಲಿಲ್ಲ ಅಂತ ನೀವ ಹೇಳ್ತಿದ್ರಲ್ಲ? ಅಮ್ಮೀನೂ ಸಾಯೋತನಕ ಹಂಗ ಅಂತಿದ್ಲು.”

ಅವನು ಕೆಮ್ಮಿದ.

ಜೈಲಿನಿಂದ ಬಂದವನು ಹೆಂಡತಿಗೆ ಹಾಗೆ ಹೇಳಿದ್ದ. ಅದೇ ಊರಿನಲ್ಲಿ, ಅದೇ ಜನರ ನಡುವೆ ಅವಳು ಇನ್ನೂ ಬಾಳಬೇಕಿತ್ತು. ಒಬ್ಬನಾದರೂ ನಮ್ಮ ಪರವಾಗಿ ನಿಂತಿದ್ದ ಎಂದು ಅವಳು ನಂಬಿದಳು. ಮಗಳೂ ಅದನ್ನು ನಂಬಿಯೇ ಬೆಳೆದಳು, ಮದುವೆಯಾದಳು, ತನ್ನ ಮಕ್ಕಳಿಗೂ ಹೇಳಿದಳು.

“ಹಂಗಾದ್ರ ಯಾರೂ ಹೇಳಲಿಲ್ಲೇನು, ಅಬ್ಬಾ?” ಎಂದು ಆಕೆ ಮತ್ತೆ ಕೇಳಿದಳು. “ಒಬ್ಬರೂ?”

ಅವನು ಗೋಡೆಯ ಕಡೆಗೆ ಹೊರಳಿ ಮಲಗಿದ. ನಾನು ಹಗುರಾಗುತ್ತೇನೆಂದು ಹೋಗಿದ್ದೆ. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಚಹಾ ಆರುತ್ತಿತ್ತು. ಕುಡಿಯುವುದೋ ಬಿಡುವುದೋ ತಿಳಿಯದೆ ಕೈಯಲ್ಲಿ ಹಿಡಿದು ಕೂತೆ. ಆಕೆ ಎದ್ದು ಬಂದು ಕಪ್ಪನ್ನೂ ಬಸಿಯನ್ನೂ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.